ಬರ್ಗರ್‌ನಲ್ಲಿ ಸುಟ್ಟ ಹಣ್ಣು: ನೀರು ಬಿಡ್ತಿದೆ, ಏನು ಮಾಡಲಿ?

ಹುಬ್ಬಳ್ಳಿ, ವಿದ್ಯಾನಗರದಿಂದ ಕೇಳಿದ್ದು:

ಬೇಸಿಗೆ ರಜೆ. ಮನೆಯಲ್ಲಿ ಐದು ಮಕ್ಕಳು. ನಮ್ಮವು ಎರಡು, ನಾದಿನಿಯವು ಮೂರು. ಅದರಲ್ಲಿ ದೊಡ್ಡವನು ಪುಣೆಯಲ್ಲಿ ಎಲ್ಲೋ ಅನಾನಸ್ ಹಾಕಿದ ಬರ್ಗರ್ ತಿಂದು ಬಂದಿದ್ದಾನೆ. "ಮಾಮಿ, ಸಿಹಿ ಖಾರ ಎರಡೂ ಒಟ್ಟಿಗೇ ಇರುತ್ತೆ, ಮಾಡಿಕೊಡು" ಅಂತ ಬೆನ್ನು ಹತ್ತಿದ.

ಕಳೆದ ಭಾನುವಾರ ಮಾಡಿದೆ. ಅನಾನಸ್ ಬಿಲ್ಲೆ ಕೊಯ್ದು ಹಂಚಿನ ಮೇಲೆ ಇಟ್ಟೆ. ಕೆಂಪಗಾಗಲೇ ಇಲ್ಲ. ತನ್ನ ನೀರಿನಲ್ಲಿ ತಾನೇ ಕುದಿಯಿತು. ಬನ್ನಿನೊಳಗೆ ಇಟ್ಟು ಐದು ನಿಮಿಷಕ್ಕೆ ತಳ ಒದ್ದೆ. ಎತ್ತಿದರೆ ಅರ್ಧ ಕೈಯಲ್ಲಿ, ಅರ್ಧ ತಟ್ಟೆಯಲ್ಲಿ. ಬೇಕರಿಯಿಂದ ತಂದ ಬನ್ನು ಬೇರೆ ಸಿಹಿ. ಮಕ್ಕಳು ಪ್ಯಾಟಿ ಮಾತ್ರ ತಿಂದು ಉಳಿದದ್ದನ್ನು ಬಿಟ್ಟರು. ಅತ್ತೆಯವರು ನೋಡಿ, "ಹಣ್ಣ ಸುಟ್ಟು ತಿನ್ನೂದು ಯಾವ ಊರ ಪದ್ಧತಿ ಐತಿ ಇದು?" ಅಂದರು.

ಓವನ್ ಇಲ್ಲ, ಗ್ರಿಲ್ ಇಲ್ಲ. ಗ್ಯಾಸ್ ಒಲೆ, ಕಬ್ಬಿಣದ ಹಂಚು, ಹಪ್ಪಳ ಸುಡುವ ಜಾಲರಿ ಇವೆ. ಮನೆಯಲ್ಲಿ ಮೊಟ್ಟೆ, ಮಾಂಸ ನಡೆಯೋದಿಲ್ಲ. ಯಾವ ಹಣ್ಣು, ಎಷ್ಟು ಹೊತ್ತು, ಜೊತೆಗೆ ಏನು? ಮಾಡಿ ನೋಡಿದವರು ಹೇಳಿ.

ಧಾರವಾಡ, ಸಪ್ತಾಪುರದಿಂದ:

ತಂಗೀ, ನಾನೂ ಮೊದಲ ಸಲ ಹೀಗೇ ಕೆಡಿಸಿದ್ದೆ. ಈಗ ಮೂರು ಬೇಸಿಗೆಯಿಂದ ಮಾಡ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡ್ಕೋಬೇಡ.

ಮೊದಲು ಅತ್ತೆಯವರಿಗೆ ಉತ್ತರ ಕೊಡೋಣ. ಪೇರಲ ಹಣ್ಣಿಗೆ ಉಪ್ಪು ಖಾರ ಹಚ್ಚಿ ತಿನ್ನದವರು ನಮ್ಮ ಕಡೆ ಯಾರಿದ್ದಾರೆ? ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಟ್ಟಾಗ ಬೆಲ್ಲ, ಶೇಂಗಾ ಚಟ್ನಿ ಒಂದೇ ತಟ್ಟೆಯಲ್ಲಿ ಇರುತ್ತೆ ಅಲ್ವಾ? ಮಾವಿನಕಾಯಿ ಸುಟ್ಟು ಪಾನಕ ಮಾಡ್ತೀವಿ. ಸುಡೋದೂ ಗೊತ್ತು, ಸಿಹಿಗೆ ಖಾರ ಕೂಡಿಸೋದೂ ಗೊತ್ತು. ಬನ್ನು ಒಂದೇ ಹೊಸದು.

ಈಗ ನಿನ್ನ ಅನಾನಸ್. ಕೆಡಿಸಿದ್ದು ಹಣ್ಣಲ್ಲ, ನೀರು. ಹಣ್ಣಿನ ಮೈ ಒದ್ದೆ ಇರುವ ತನಕ, ಕೆಳಗೆ ಹಂಚು ಎಷ್ಟೇ ಕಾದಿರಲಿ, ಆ ಮೈ 100 ಡಿಗ್ರಿ ದಾಟೋದಿಲ್ಲ. ಸಕ್ಕರೆ ಕಂದಿ ಬಣ್ಣ ತಿರುಗಬೇಕಾದರೆ ಅದಕ್ಕಿಂತ ಹೆಚ್ಚು ಬೇಕು. ಹಣ್ಣಿನ ಸಕ್ಕರೆಗಳಲ್ಲಿ ಎಲ್ಲಕ್ಕಿಂತ ಬೇಗ ಕಂದೋದು ಫ್ರಕ್ಟೋಸ್, ಅದಕ್ಕೇ ಸುಮಾರು 110 ಡಿಗ್ರಿ ಬೇಕು. ನಾವು ಚಹಾಕ್ಕೆ ಹಾಕುವ ಸಕ್ಕರೆಗೆ 160ರ ಹತ್ತಿರ. ಹಾಗಾಗಿ ಒದ್ದೆ ಹಣ್ಣು ಬೇಯುತ್ತೆ, ಸುಡೋದಿಲ್ಲ.

ಪೂರ್ತಿ ಮೆತ್ತಗಾದ ಅನಾನಸ್ ತರಬೇಡ. ಬುಡ ಮೂಸಿ ನೋಡು, ಘಮ ಇರಬೇಕು, ಹುಳಿ ವಾಸನೆ ಇರಬಾರದು. ಕಿರುಬೆರಳಿನ ದಪ್ಪ, ಅಂದರೆ ಒಂದು ಸೆಂಟಿಮೀಟರ್, ಬಿಲ್ಲೆ ಕೊಯ್ಯಿ. ನಡುವಿನ ದಿಂಡು ತೆಗೆದುಬಿಡು. ಎರಡೂ ಕಡೆ ಚಿಟಿಕೆ ಉಪ್ಪು ಉದುರಿಸಿ ಜರಡಿ ಮೇಲೆ ಹದಿನೈದು ನಿಮಿಷ ಇಡು. ಕೆಳಗೆ ಇಳಿದ ರಸ ಚೆಲ್ಲಬೇಡ, ಅದಕ್ಕೆ ಬೇರೆ ಕೆಲಸ ಇದೆ. ಆಮೇಲೆ ಹಳೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸು. ರೊಟ್ಟಿ ಸುತ್ತಿಡುವ ಬಟ್ಟೆ ಮಾತ್ರ ತಗೋಬೇಡ. ಕಲೆ ಹೋಗೋದಿಲ್ಲ, ಮತ್ತೆ ಅತ್ತೆಯವರ ಬಾಯಿಗೆ ಸಿಗ್ತೀ.

ಕಬ್ಬಿಣದ ಹಂಚಿಗಿಂತ ಒಳ್ಳೆ ಗ್ರಿಲ್ ಬೇಕಾಗಿಲ್ಲ. ನೀರು ಚಿಮುಕಿಸಿದರೆ ಹನಿ ಉರುಳಿಕೊಂಡು ಓಡಬೇಕು, ಅಷ್ಟು ಕಾಯಲಿ. ಎಣ್ಣೆ ಹಂಚಿಗೆ ಹಾಕಬೇಡ, ಹಣ್ಣಿಗೆ ತೆಳ್ಳಗೆ ಸವರು. ಒಂದು ಸಲಕ್ಕೆ ಎರಡೇ ಬಿಲ್ಲೆ. ನಾಲ್ಕು ಇಟ್ಟರೆ ಹಂಚು ತಣ್ಣಗಾಗಿ ಮತ್ತೆ ಅದೇ ಕುದಿಯೋ ಕತೆ. ಇಟ್ಟ ಮೇಲೆ ಮುಟ್ಟಲೇಬೇಡ. ಎರಡೂವರೆ, ಮೂರು ನಿಮಿಷ. ಬಣ್ಣ ಬಂದ ಮೇಲೆ ತಾನೇ ಹಂಚು ಬಿಡುತ್ತೆ. ಏಳ್ತಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ ಅರ್ಥ, ದೋಸೆ ಥರಾನೇ. ಮಗುಚಿದ ಮೇಲೆ ಎರಡು ನಿಮಿಷ ಸಾಕು.

ಸಕ್ಕರೆ ಸವರಿ, ಜೇನು ಸವರಿ ಅಂತ ವಿಡಿಯೋಗಳಲ್ಲಿ ಹೇಳ್ತಾರೆ. ಬೇಡ. ನಾನು ಬೆಲ್ಲದ ನೀರು ಸವರಿ ಹಂಚನ್ನೇ ಕರಕಲು ಮಾಡಿದ್ದೆ. ಮರುದಿನದ ರೊಟ್ಟಿ ಕೂಡ ಕಹಿ ಆಯಿತು.

ಇಳಿದ ರಸ, ಕೊಯ್ಯುವಾಗ ಹರಿದ ರಸ ಎರಡನ್ನೂ ಸೇರಿಸಿ, ಜಜ್ಜಿದ ಬಳ್ಳೊಳ್ಳಿ, ಖಾರಪುಡಿ ಹಾಕಿ ಅಂಟು ಬರೋವರೆಗೆ ಕುದಿಸು. ಉಪ್ಪು ಕೊನೆಗೆ, ರುಚಿ ನೋಡಿ ಹಾಕು, ಯಾಕಂದರೆ ಬಿಲ್ಲೆಯ ಉಪ್ಪು ಆಗಲೇ ಇಳಿದಿರುತ್ತೆ. ಆರು ಬರ್ಗರಿಗೆ ನಾಲ್ಕೈದು ಚಮಚ ಸಾಸ್ ಸಿಗುತ್ತೆ, ಅಷ್ಟೇ. ಆದರೆ ಅಂಗಡಿ ಕೆಚಪ್ ಮುಟ್ಟೋದು ಬೇಡ ಅನಿಸುತ್ತೆ.

ಪ್ಯಾಟಿಗೆ ಬರೀ ಬಟಾಟಿ ಹಾಕಿದ್ದೀಯ ಅನಿಸುತ್ತೆ. ಬಟಾಟಿಯೂ ಮೆತ್ತಗೆ, ಹಣ್ಣೂ ಮೆತ್ತಗೆ, ಬನ್ನೂ ಮೆತ್ತಗೆ ಆದರೆ ಹಲ್ಲಿಗೆ ಕೆಲಸವೇ ಇಲ್ಲ. ಮೂರು ಬೇಯಿಸಿದ ಬಟಾಟಿಗೆ ಒಂದು ಬಟ್ಟಲು ಮಡಕಿ ಕಾಳು ಸೇರಿಸು. ರಾತ್ರಿ ನೆನೆಸಿ, ಬೆಳಗ್ಗೆ ಬೇಯಿಸಿ, ನೀರು ಬಸಿದು ತರಿ ತರಿಯಾಗಿ ಅರೆದದ್ದು. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಬ್ರೆಡ್ ಪುಡಿ ಬದಲು ಖಡಕ್ ರೊಟ್ಟಿ ಪುಡಿ ಮಾಡಿ ಹಾಕು. ಒಂದೂವರೆ ರೊಟ್ಟಿ ಆರು ಪ್ಯಾಟಿಗೆ ಸಾಕು. ನೀರು ಕುಡಿದು ಬಿಗಿಯಾಗುತ್ತೆ, ಮೊಟ್ಟೆ ಬೇಡವೇ ಬೇಡ. ಹೊರಗೂ ಅದನ್ನೇ ಹೊರಳಿಸಿದರೆ ಕರಕರೆ ಅನ್ನುತ್ತೆ. ತಟ್ಟಿದ ಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡು. ಪ್ಯಾಟಿಗೆ ಉಪ್ಪು ಖಾರ ನಿನಗೆ ಸರಿ ಅನಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, ಹಣ್ಣು ಅದನ್ನು ತಗ್ಗಿಸುತ್ತೆ.

ಇನ್ನು ಪೇರಿಸೋದು. ಹಣ್ಣು ಬನ್ನನ್ನು ಮುಟ್ಟಬಾರದು, ಇಷ್ಟು ನೆನಪಿಟ್ಟರೆ ಸಾಕು. ಕೆಳಗೆ ಪ್ಯಾಟಿ, ಅದರ ಮೇಲೆ ಹಣ್ಣು, ಹಣ್ಣಿನ ಮೇಲೆ ಸೊಪ್ಪು. ಲೆಟಿಸ್ ಹುಡುಕಿಕೊಂಡು ಹೋಗಬೇಡ. ರೊಟ್ಟಿ ಜೊತೆ ಹಸಿದೇ ತಿಂತೀವಲ್ಲ, ಆ ಎಳೆ ಮೆಂತ್ಯ ಸೊಪ್ಪು ಇಡು. ಅದರ ಕಹಿ ಇಲ್ಲದಿದ್ದರೆ ನನಗೆ ಈ ಬರ್ಗರ್ ಬರೀ ಸಿಹಿ ತಿಂಡಿ ಅನಿಸುತ್ತೆ. ಹೊಲದಲ್ಲಿ ಬೆಳೆಯೋ ಹಕ್ಕರಕಿ ಸೊಪ್ಪು ಸಿಗೋ ಕಾಲದಲ್ಲಿ ಅದು ಇನ್ನೂ ಚೆನ್ನ.

ಹುಬ್ಬಳ್ಳಿ, ಕೇಶ್ವಾಪುರದಿಂದ:

ಬೇಕರಿಯಲ್ಲಿ ಎಂಟು ವರ್ಷ ಕೆಲಸ ಮಾಡಿದವನು. ಬನ್ನಿನ ವಿಷಯ ಮಾತ್ರ ಹೇಳ್ತೇನೆ.

ಬರ್ಗರ್ ಬನ್ ಅಂತ ಕೊಟ್ಟರೂ ಎಷ್ಟೋ ಕಡೆ ಅದು ಸಿಹಿ ಬನ್ನಿನ ಹಿಟ್ಟೇ. ಸಕ್ಕರೆ ಜಾಸ್ತಿ ಇರೋದರಿಂದ ಹಂಚಿನ ಮೇಲೆ ಬೇಗ ಕಪ್ಪಾಗುತ್ತದೆ, ಅದರಿಂದಲೇ ಗುರುತಿಸಬಹುದು. ಹಣ್ಣಿನ ಜೊತೆಗೆ ಪಾವ್ ತಗೊಳ್ಳಿ ಅಕ್ಕಾರೆ. ಚಿಕ್ಕದು, ಮಕ್ಕಳ ಕೈಗೂ ಹೊಂದುತ್ತದೆ. ಅಂದಿನ ಪಾವ್ ಬೇಡ, ಹಿಂದಿನ ದಿನದ್ದು ಇರಲಿ. ಬಿಸಿ ಪಾವ್ ರಸ ಕಂಡರೆ ಸಾಕು, ಕುಸಿಯುತ್ತದೆ. ಕೊಯ್ದ ಮೈಗೆ ಬೆಣ್ಣೆ ಧಾರಾಳ ಹಚ್ಚಿ ಸಣ್ಣ ಉರಿಯಲ್ಲಿ ಗರಿ ಆಗೋವರೆಗೆ ಒತ್ತಿ. ಬೆಣ್ಣೆಯ ಪದರ ನೀರನ್ನು ಒಳಗೆ ಬಿಡೋದಿಲ್ಲ. ಅದರ ಮೇಲೆ ಒಂದು ಚಮಚ ಶೇಂಗಾ ಚಟ್ನಿ ಪುಡಿ ಉದುರಿಸಿ. ಹಣ್ಣು ಎಷ್ಟೇ ರಸ ಬಿಟ್ಟರೂ ಪುಡಿ ಹೀರಿಕೊಂಡು ಅಲ್ಲೇ ಒಂದು ಚಟ್ನಿ ಆಗಿರುತ್ತದೆ.

ಗದಗದಿಂದ:

ನಮ್ಮ ಮನೆಯಲ್ಲಿ ಮಾಂಸ ನಡೆಯುತ್ತದೆ. ಕೇಳಿದವರಿಗೆ ಬೇಡದ ಮಾತು, ಆದರೆ ಓದುವವರಲ್ಲಿ ನಮ್ಮಂಥವರೂ ಇರುತ್ತಾರೆ.

ಕೋಳಿ ಕೀಮಾ ಪ್ಯಾಟಿ ಮಾಡುವಾಗ, ಹೇಗೂ ಅನಾನಸ್ ಇದೆ ಅಂತ ಹಸಿ ರಸವನ್ನೇ ಕಲಸಿ ರಾತ್ರಿ ಇಟ್ಟೆ. ಬೆಳಗ್ಗೆ ನೋಡಿದರೆ ಕೀಮಾ ಇಲ್ಲ, ಗಂಜಿ ಇದೆ. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಇರುತ್ತದೆ. ಅದು ಪ್ರೋಟೀನ್ ಅನ್ನು ಕಡಿದು ಹಾಕುತ್ತದೆ. ಹಸಿ ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಉರಿಯೋದರಲ್ಲಿ ಇದರ ಪಾಲೂ ಇದೆ. ಚೆನ್ನಾಗಿ ಕಾಯಿಸಿದರೆ ಅದರ ಆಟ ಮುಗಿಯಿತು. ಅದಕ್ಕೇ ಸುಟ್ಟ ಅನಾನಸ್ ಕೋಳಿ ಪಕ್ಕದಲ್ಲಿ ಎಷ್ಟು ಹೊತ್ತು ಇದ್ದರೂ ತೊಂದರೆ ಇಲ್ಲ. ಸಸ್ಯಾಹಾರಿಗಳೂ ಒಂದು ಗಮನಿಸಿ: ಕಟ್ಟಿದ ಮೊಸರಿಗೋ ಪನೀರಿಗೋ ಹಸಿ ಅನಾನಸ್ ಬೆರೆಸಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿ ಬರುತ್ತದೆ. ಅದೇ ಕಾರಣ.

ಕೀಮಾ ಪ್ಯಾಟಿ ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ಥರ್ಮಾಮೀಟರ್ ಇದ್ದರೆ ಕೋಳಿಗೆ ನಡುವಿನಲ್ಲಿ 74 ಡಿಗ್ರಿ ಬಂದಿರಬೇಕು. ಹಸಿ ಮಾಂಸ ಇಟ್ಟ ತಟ್ಟೆಗೇ ಸುಟ್ಟ ಹಣ್ಣು ಹಾಕಬೇಡಿ.

ಇದ್ದಿಲಲ್ಲಿ ಸುಡೋ ಆಸೆ ಇದ್ದರೆ ಸೀಮೆಎಣ್ಣೆ ಹಾಕಿ ಹೊತ್ತಿಸಬೇಡಿ, ಹಣ್ಣಿಗೆ ಆ ವಾಸನೆ ತಟಕ್ಕನೆ ಹತ್ತುತ್ತದೆ. ಕೊಬ್ಬರಿ ಚಿಪ್ಪು ಸಾಕು. ಕೆಂಡದ ಮೇಲೆ ಬಿಳಿ ಬೂದಿ ಕೂತ ಮೇಲೆ ಜಾಲರಿ ಇಡಿ. ಗ್ಯಾಸ್ ಮೇಲೆ ಜಾಲರಿ ಇಟ್ಟು ಅನಾನಸ್ ಸುಡೋ ಸಾಹಸ ಮಾತ್ರ ಬೇಡ, ರಸ ಬರ್ನರ್ ತೂತಿಗೆ ಇಳಿದು ಕಲ್ಲಾಗುತ್ತದೆ. ಪಿನ್ನು ಹಿಡಿದು ಕೂತವನು ನಾನೇ.

ಹಾವೇರಿ ಜಿಲ್ಲೆ, ಬ್ಯಾಡಗಿ ಕಡೆಯಿಂದ:

ಖಾರದ ಮಾತು ಬಂದ ಮೇಲೆ ನಾವು ಸುಮ್ನೆ ಇರೋದು ಹೇಗೆ? ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಡಬ್ಬಿ, ಕಡ್ಡಿ ಅಂತ ಎರಡು ಇವೆ. ದಪ್ಪಗೆ ಇರೋ ಡಬ್ಬಿಯಲ್ಲಿ ಬಣ್ಣ ಜಾಸ್ತಿ. ಹಣ್ಣಿನ ಜೊತೆಗೆ ಇಂಥ ಖಾರವೇ ಸರಿ. ಗುಂಟೂರು ಮೆಣಸಿನಪುಡಿ ಹಾಕಿದರೆ ಅನಾನಸ್ ರುಚಿಯೇ ನಾಲಿಗೆಗೆ ಸಿಗೋದಿಲ್ಲ.

ನಮ್ಮ ಮನೆಯಲ್ಲಿ ಚಳಿಗಾಲದಲ್ಲಿ ಹಸಿ ಕೆಂಪು ಮೆಣಸಿನಕಾಯಿ ಬಂದಾಗ ರಂಜಕ ಮಾಡಿ ಬರಣಿಗೆ ತುಂಬಿಡ್ತೀವಿ. ಬಳ್ಳೊಳ್ಳಿ, ಉಪ್ಪು, ಲಿಂಬೆ ಹುಳಿ. ಅದರ ಒಂದು ಚಮಚಕ್ಕೆ ಮೂರು ಚಮಚ ಕಟ್ಟಿದ ಮೊಸರು ಕಲಸಿ ಬರ್ಗರಿಗೆ ಹಚ್ಚಿ ನೋಡಿ. ಮೇಯನೇಸ್ ಯಾಕೆ ಬೇಕು ಹೇಳಿ? ಮೇಯನೇಸ್ ಕೊಬ್ಬಿನ ಜಿಡ್ಡು, ಅದಕ್ಕೆ ಹಣ್ಣಿನ ಸಿಹಿ ಕೂಡಿದರೆ ಎರಡನೇ ತುತ್ತಿಗೇ ಸಾಕು ಅನಿಸುತ್ತದೆ. ರಂಜಕದ ಹುಳಿ ಮೂರನೇ ತುತ್ತಿಗೆ ಕರೆಯುತ್ತದೆ.

ಧಾರವಾಡ, ಮಾಳಮಡ್ಡಿಯಿಂದ:

ಒಂದು ಹಳೇ ಕತೆ, ವಿಷಯಕ್ಕೆ ಸಂಬಂಧ ಇದೆ. 1962ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ನಡೆಸುತ್ತಿದ್ದ ಲೂ ಗ್ರೋನ್ ಅನ್ನೋರಿಗೆ ಒಂದು ತೊಂದರೆ. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ಶುಕ್ರವಾರ ಮಾಂಸ ತಿನ್ನೋದಿಲ್ಲ. ಅವರು ಮೀನಿನ ಸ್ಯಾಂಡ್‌ವಿಚ್ ಮಾಡ್ತೇನೆ ಅಂದರು. ಕಂಪನಿಯ ರೇ ಕ್ರಾಕ್ ತಮ್ಮದೇ ಹುಲಾ ಬರ್ಗರ್ ಇದೆ ಅಂದರು: ಬನ್ನಿನೊಳಗೆ ಸುಟ್ಟ ಅನಾನಸ್ ಬಿಲ್ಲೆ, ಚೀಸ್. ಎರಡನ್ನೂ ಗುಡ್ ಫ್ರೈಡೇ ದಿನ ಮಾರಾಟಕ್ಕೆ ಇಟ್ಟರು. ಗ್ರೋನ್ ಹೇಳಿಕೊಂಡಂತೆ ಮೀನಿನದು 350 ಹೋಯಿತು, ಅನಾನಸ್‌ನದು 6.

ಯಾಕೆ ಸೋತಿತು ಅನ್ನೋದಕ್ಕೆ ನನ್ನ ಲೆಕ್ಕ ಹೀಗಿದೆ. ಅದರಲ್ಲಿ ಪ್ಯಾಟಿಯೇ ಇರಲಿಲ್ಲ. ಹಸಿದು ಬಂದವನಿಗೆ ಹಣ್ಣು ಕೊಟ್ಟು ಊಟ ಅಂದರೆ ಆಗುತ್ತದೆಯೇ? ಹಣ್ಣು ಉಪ್ಪಿನಕಾಯಿಯ ಜಾಗದಲ್ಲಿ ಇರಬೇಕು, ಪಲ್ಯದ ಜಾಗದಲ್ಲಿ ಅಲ್ಲ. ಆಸ್ಟ್ರೇಲಿಯಾದಲ್ಲಿ ಬರ್ಗರಿಗೆ ಅನಾನಸ್, ಬೀಟ್‌ರೂಟ್ ಹಾಕೋದು ಮಾಮೂಲಿ. ಅಲ್ಲಿ ಅದು ನಡೆಯುತ್ತದೆ, ಯಾಕಂದರೆ ಪಕ್ಕದಲ್ಲಿ ಪ್ಯಾಟಿ ಇರುತ್ತದೆ.

ಹಾನಗಲ್ಲಿನಿಂದ:

ಮೇ ತಿಂಗಳಲ್ಲಿ ಎಲ್ಲರೂ ಅನಾನಸ್ ಹಿಂದೆಯೇ ಬಿದ್ದಿದ್ದೀರಲ್ಲ! ಬನವಾಸಿ ಕಡೆಯ ಅನಾನಸ್ ನಮಗೆ ಹತ್ತಿರವೇ, ಆದರೂ ಮಾವು ಬಿಟ್ಟು ಅದನ್ನು ಯಾಕೆ ಸುಡಬೇಕು?

ಒಂದೇ ಷರತ್ತು. ಪೂರ್ತಿ ಹಣ್ಣಾದ ಆಪೂಸ್ ಬೇಡ. ಹಂಚಿಗೆ ಇಟ್ಟರೆ ಸೀಕರಣೆ ಆಗುತ್ತದೆ, ಮತ್ತೆ ಅಂಥ ಹಣ್ಣನ್ನು ಸುಡೋದು ಪಾಪ ಕೂಡ. ದೋರಗಾಯಿ ತಗೊಳ್ಳಿ. ಒತ್ತಿದರೆ ಸ್ವಲ್ಪವೇ ಬಗ್ಗಬೇಕು, ಹುಳಿ ಇನ್ನೂ ಉಳಿದಿರಬೇಕು. ತೋತಾಪುರಿ ಇನ್ನೂ ಒಳ್ಳೆಯದು, ಗಟ್ಟಿ ಇರುತ್ತದೆ, ಬೆಲೆಯೂ ಕಡಿಮೆ. ಓಟೆಯ ಎರಡೂ ಕಡೆ ಕೆನ್ನೆ ಕೊಯ್ಯಿರಿ, ಸಿಪ್ಪೆ ಬಿಡಿಸಬೇಡಿ. ಕೊಯ್ದ ಮೈ ಕೆಳಗೆ ಮಾಡಿ ಎರಡು ನಿಮಿಷ, ಅಷ್ಟೇ. ಮಗುಚೋದು ಬೇಡ. ಆಮೇಲೆ ಚಮಚದಿಂದ ಎತ್ತಿದರೆ ಸಿಪ್ಪೆಯಿಂದ ಇಡಿಯಾಗಿ ಬರುತ್ತದೆ. ಮೇಲೆ ಉಪ್ಪು, ಬ್ಯಾಡಗಿ ಖಾರ, ಲಿಂಬೆ. ಉಣಕಲ್ ಕೆರೆ ಹತ್ತಿರ ಗೋವಿನಜೋಳದ ತೆನೆ ಸುಟ್ಟು ಲಿಂಬೆ ಹೋಳಿನಿಂದ ತಿಕ್ಕಿ ಕೊಡ್ತಾರಲ್ಲ, ಹಾಗೆ ತಿಕ್ಕಿ.

ಗದಗ, ಬೆಟಗೇರಿಯಿಂದ:

ನನ್ನ ಸೋಲುಗಳನ್ನೂ ಬರೆದಿಡ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ಚಿಕ್ಕು: ಹುಳಿ ಇಲ್ಲ, ಬರೀ ಸಿಹಿ, ಬಿಸಿಯಾದ ಮೇಲೆ ಮರಳು ತಿಂದ ಹಾಗೆ. ಕಲ್ಲಂಗಡಿ: ಕಾಲು ಗಂಟೆ ಹಂಚಿನ ಮೇಲಿದ್ದರೂ ನೀರು ಬರ್ತಾನೇ ಇತ್ತು. ಹಣ್ಣಾದ ಪಪ್ಪಾಯಿ: ಮಗುಚೋ ಸೌಟಿಗೇ ಅಂಟಿಕೊಂಡು ಉಳಿಯಿತು. ಡಬ್ಬಿ ಅನಾನಸ್: ಪಾಕದಲ್ಲಿ ಮುಳುಗಿರುತ್ತೆ, ತೊಳೆದು ಒರೆಸಿದರೆ ಪರವಾಗಿಲ್ಲ, ಆದರೆ ಘಮ ಇಲ್ಲ.

ಗೆದ್ದದ್ದು ಎರಡು. ಜವಾರಿ ಬಾಳೆಹಣ್ಣು, ಸ್ವಲ್ಪ ಗಟ್ಟಿ ಇರೋದು, ಸಿಪ್ಪೆ ಸಮೇತ ಉದ್ದಕ್ಕೆ ಸೀಳಿ ಕೊಯ್ದ ಮೈ ಸುಟ್ಟದ್ದು. ಇದಕ್ಕೆ ಪ್ಯಾಟಿಯಲ್ಲಿ ಹುರಿದ ಶೇಂಗಾ ಕುಟ್ಟಿ ಹಾಕಬೇಕು, ಲಿಂಬೆ ಹಿಂಡಿದ ಉಳ್ಳಾಗಡ್ಡಿ ಇರಲೇಬೇಕು. ಇನ್ನೊಂದು ಪೇರಲ. ಬೀಜ ತೆಗೆದು ದಪ್ಪ ಹೋಳು ಮಾಡಿದರೆ ನೀರೂ ಬಿಡೋದಿಲ್ಲ, ಆಕಾರವೂ ಕೆಡೋದಿಲ್ಲ. ನನ್ನ ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಅದೇ. ಮಳೆಗಾಲದವರೆಗೆ ಕಾಯಬೇಕು, ಅಷ್ಟೇ.

ಹುಬ್ಬಳ್ಳಿ, ವಿದ್ಯಾನಗರದಿಂದ, ಮುಂದಿನ ಭಾನುವಾರ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ದುರ್ಗದ ಬೈಲಿಗೆ ಹೋಗಿ ಅನಾನಸ್, ತೋತಾಪುರಿ ಎರಡೂ ತಂದೆ. ಪಾವ್ ಹಿಂದಿನ ದಿನದ್ದೇ ಕೊಡಿ ಅಂದಿದ್ದಕ್ಕೆ ಬೇಕರಿಯವರು ಮುಖ ನೋಡಿದರು.

ಸಪ್ತಾಪುರದ ಅಕ್ಕಾ, ನೀವು ಹೇಳಿದ ಹಾಗೆ ಉಪ್ಪು ಹಾಕಿ ಇಟ್ಟೆ. ಒಂದು ಹಣ್ಣಿನಿಂದ ಇಳಿದ ರಸ ನೋಡಿ ನನಗೇ ಆಶ್ಚರ್ಯ, ಹೋದ ವಾರ ಇಷ್ಟೂ ಬನ್ನಿಗೆ ಹೋಗಿತ್ತಲ್ಲ ಅಂತ. ಮೊದಲ ಎರಡು ಬಿಲ್ಲೆ ಅವಸರದಲ್ಲಿ ಬೇಗ ಎತ್ತಲು ಹೋಗಿ ಹರಿದವು. ಆಮೇಲಿನವು ಸರಿಯಾಗಿ ಬಂದವು, ಅಂಚು ಕಂದು, ನಡುವೆ ಹಳದಿ. ಖಡಕ್ ರೊಟ್ಟಿ ಪ್ಯಾಟಿ ಒಂದೂ ಒಡೆಯಲಿಲ್ಲ. ಮೆಂತ್ಯ ಸೊಪ್ಪನ್ನು ಮಕ್ಕಳು ತೆಗೆದು ಪಕ್ಕಕ್ಕಿಟ್ಟರು, ಅವರಿಗೆ ಸೌತೆಕಾಯಿ ಇಟ್ಟೆ. ಪುಣೆಯವನಿಗೆ ಅನಾನಸ್ ಇಷ್ಟ ಆಯಿತು, ನನಗೆ ಮಾವು. ರಂಜಕ ಮನೆಯಲ್ಲಿ ಇರಲಿಲ್ಲ, ಓಣಿಯಲ್ಲಿ ಒಬ್ಬರ ಮನೆಯಿಂದ ಒಂದು ಬಟ್ಟಲು ಇಸಿದುಕೊಂಡು ಬಂದೆ.

ಅತ್ತೆಯವರು ಬನ್ನು ಒಲ್ಲೆ ಅಂದರು. ಪೇರಲ, ಸೀತನಿ ಎಲ್ಲ ಹೇಳಿದೆ. "ಸೀತನಿ ಬ್ಯಾರೆ, ಇದ ಬ್ಯಾರೆ" ಅಂದರು. ಕೊನೆಗೆ ಪ್ಯಾಟಿಗೆ ಪುಡಿ ಮಾಡಿ ಉಳಿದಿದ್ದ ಅರ್ಧ ಖಡಕ್ ರೊಟ್ಟಿ ತಗೊಂಡು, ಅದರ ಮೇಲೆ ರಂಜಕ, ಬೆಣ್ಣೆ, ಹರಿದುಹೋಗಿದ್ದ ಅನಾನಸ್ ಚೂರು ಇಟ್ಟುಕೊಂಡು ತಿಂದರು. ಚೆನ್ನಾಗಿದೆ ಅಂತ ಮಾತ್ರ ಹೇಳಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಕುದಿಸಿದ ಅನಾನಸ್ ಸಾಸ್ ಫ್ರಿಜ್ಜಿನಲ್ಲಿ ಎಷ್ಟು ದಿನ ಇಡಬಹುದು?

ಧಾರವಾಡ, ಸಪ್ತಾಪುರದಿಂದ:

ಗಾಜಿನ ಬಾಟಲಿ, ಒಣ ಚಮಚ ಇದ್ದರೆ ನಾಲ್ಕು ದಿನ. ನಮ್ಮ ಮನೆಯಲ್ಲಿ ಎರಡನೇ ದಿನಕ್ಕೆ ಉಳಿದೇ ಇಲ್ಲ, ಮಿರ್ಚಿ ಬಜಿ ಜೊತೆ ಖಾಲಿ.